ಗಟ್ಟಿಯೂ ಆಗಬೇಕು, ತಿರುಗಲೂ ಬೇಕು: ಬೆಳಕಿಗೆ ಸ್ಪಂದಿಸುವ ಸಾವಯವ ಗಾಜು ಮತ್ತು ಪಾಲಿಮರ್ ಮಿಶ್ರಣಗಳು

ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತು ಅಲೆಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ದೂರದಲ್ಲಿ, ನೀರು ಆಳವಾಗಿರುವ ಕಡೆ, ಅಲೆಯ ಏರು ಮತ್ತು ಇಳಿವು ಸರಿಸಮವಾಗಿರುತ್ತವೆ. ಮೇಲೆ ಎಷ್ಟು ಉಬ್ಬುತ್ತದೆಯೋ ಕೆಳಗೂ ಅಷ್ಟೇ ತಗ್ಗುತ್ತದೆ. ಅದೇ ಅಲೆ ದಂಡೆಗೆ ಹತ್ತಿರವಾದಂತೆ ಅದರ ನೆತ್ತಿ ಚೂಪಾಗುತ್ತದೆ, ಎರಡು ನೆತ್ತಿಗಳ ನಡುವಿನ ತಗ್ಗು ಅಗಲವಾಗಿ ಚಪ್ಪಟೆಯಾಗುತ್ತದೆ, ಕೊನೆಗೆ ಅಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಹೀಗೆ ಆಕಾರ ಕೆಟ್ಟ ಅಲೆಯನ್ನು ಗಣಿತದ ಮೂಲಕ ಬಿಡಿಸಿ ನೋಡಿದರೆ, ಅದರೊಳಗೆ ಮೂಲ ಅಲೆಯ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಆವೃತ್ತಿಯ ಸಣ್ಣ ಅಲೆಗಳೂ ಸೇರಿಕೊಂಡಿರುವುದು ಕಾಣುತ್ತದೆ. ಆಳ ನೀರಿನಲ್ಲಿ ಇಲ್ಲದ ಆವೃತ್ತಿಗಳು ತೀರದಲ್ಲಿ ಹುಟ್ಟಿಕೊಂಡಿವೆ. ಏಕೆಂದರೆ ಅಲೆ ಈಗ ನೀರಿನ ಆಳಕ್ಕೆ ಹೋಲಿಸಿದರೆ ದೊಡ್ಡದಾಗಿದೆ, ಮತ್ತು ನೀರಿನ ಪ್ರತಿಕ್ರಿಯೆ ಅಲೆಯ ಎತ್ತರಕ್ಕೆ ತಕ್ಕ ಪ್ರಮಾಣದಲ್ಲಿ ಉಳಿದಿಲ್ಲ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಅದು ಅರೇಖೀಯವಾಗಿದೆ.

ಬೆಳಕಿನ ವಿಷಯದಲ್ಲಿಯೂ ನಡೆಯುವುದು ಇದೇ. ಬೆಳಕು ವಿದ್ಯುತ್ಕಾಂತೀಯ ಅಲೆ. ಅದು ಗಾಜಿನ ಮೂಲಕವೋ ನೀರಿನ ಮೂಲಕವೋ ಹಾದುಹೋಗುವಾಗ ಅದರ ವಿದ್ಯುತ್ ಕ್ಷೇತ್ರವು ಅಲ್ಲಿನ ಎಲೆಕ್ಟ್ರಾನುಗಳನ್ನು ಹಿಂದೆ ಮುಂದೆ ಎಳೆದಾಡುತ್ತದೆ, ಎಳೆದಾಡಿದ ಎಲೆಕ್ಟ್ರಾನುಗಳು ಮತ್ತೆ ಬೆಳಕನ್ನು ಹೊರಸೂಸುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಈ ಕ್ಷೇತ್ರದ ಬಲ ಮೀಟರಿಗೆ ಸುಮಾರು 900 ವೋಲ್ಟ್ ಮಾತ್ರ. ಪರಮಾಣುವಿನೊಳಗೆ ಎಲೆಕ್ಟ್ರಾನನ್ನು ಹಿಡಿದಿಟ್ಟಿರುವ ಕ್ಷೇತ್ರವಾದರೋ ಮೀಟರಿಗೆ ಸುಮಾರು 50,000 ಕೋಟಿ ವೋಲ್ಟ್. ಇಷ್ಟು ಅಂತರವಿರುವಾಗ ಎಲೆಕ್ಟ್ರಾನು ತನ್ನ ಜಾಗದಿಂದ ಕೂದಲೆಳೆಯಷ್ಟೂ ಸರಿಯುವುದಿಲ್ಲ, ಸರಿದರೂ ಎಳೆತಕ್ಕೆ ತಕ್ಕಷ್ಟೇ ಸರಿಯುತ್ತದೆ. ಆದ್ದರಿಂದ ಒಳಹೋದ ಕೆಂಪು ಬೆಳಕು ಕೆಂಪಾಗಿಯೇ ಹೊರಬರುತ್ತದೆ. ಈ ಪರಿಮಿತಿಯನ್ನು ದಾಟಬೇಕಾದರೆ ಬಹಳ ತೀವ್ರವಾದ ಬೆಳಕು ಬೇಕು, ಇಲ್ಲವೇ ಎಲೆಕ್ಟ್ರಾನುಗಳು ಸುಲಭವಾಗಿ, ಅದರಲ್ಲಿಯೂ ಒಂದೇ ಪಕ್ಕಕ್ಕೆ ಹೆಚ್ಚು ಸುಲಭವಾಗಿ, ಸರಿಯುವಂಥ ವಸ್ತು ಬೇಕು. ಲೇಸರ್ ಮೊದಲನೆಯದನ್ನು ಒದಗಿಸಿತು. ಈ ಲೇಖನದ ವಿಷಯ ಎರಡನೆಯದು.

1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ ಮರುವರ್ಷವೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರ್ಯಾಂಕನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ 694.3 ನ್ಯಾನೊಮೀಟರ್ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿನ ಮೂಲಕ ಹಾಯಿಸಿದರು. ಹೊರಬಂದ ಬೆಳಕಿನಲ್ಲಿ ಸರಿಯಾಗಿ ಅದರ ಅರ್ಧ ತರಂಗದೂರದ, ಅಂದರೆ ಎರಡು ಪಟ್ಟು ಆವೃತ್ತಿಯ, ನೇರಳಾತೀತ ಬೆಳಕಿನ ಒಂದು ಸಣ್ಣ ಚುಕ್ಕಿ ಛಾಯಾಚಿತ್ರದ ಫಲಕದ ಮೇಲೆ ಮೂಡಿತು. ಆ ಪ್ರಬಂಧ ಅಚ್ಚಾಗುವಾಗ ಚುಕ್ಕಿಯನ್ನು ಫಲಕದ ಮೇಲಿನ ಕಲೆಯೆಂದು ಭಾವಿಸಿ ಅಳಿಸಿಬಿಟ್ಟರೆಂದು ಹೇಳುತ್ತಾರೆ. ಪ್ರಕಟವಾದ ಚಿತ್ರದಲ್ಲಿ ಚುಕ್ಕಿಯತ್ತ ಕೈತೋರುವ ಬಾಣದ ಗುರುತಷ್ಟೇ ಉಳಿದಿದೆ. ಒಂದು ಹೊಸ ಶಾಸ್ತ್ರದ ಮೊದಲ ಸಾಕ್ಷ್ಯ ಎಷ್ಟು ಸಣ್ಣದಾಗಿತ್ತು ಎಂಬುದನ್ನು ಈ ಪ್ರಸಂಗ ಚೆನ್ನಾಗಿ ತಿಳಿಸುತ್ತದೆ. ಇಂದು ಶಿರಸಿಯ ಮಾರಿಕಾಂಬಾ ಜಾತ್ರೆಯ ಅಂಗಡಿಯಲ್ಲಿ ಮಕ್ಕಳು ಕೊಳ್ಳುವಂಥ ಹಸಿರು ಲೇಸರ್ ಪೆನ್ನಿನೊಳಗೆ ಸಾಮಾನ್ಯವಾಗಿ ಇರುವುದು ಇದೇ ತತ್ತ್ವ: ಕಣ್ಣಿಗೆ ಕಾಣದ 1064 ನ್ಯಾನೊಮೀಟರಿನ ಬೆಳಕನ್ನು ಒಂದು ಪುಟ್ಟ ಹರಳು 532 ನ್ಯಾನೊಮೀಟರಿನ ಹಸಿರಾಗಿ ಮಾರ್ಪಡಿಸುತ್ತದೆ.

ಆವೃತ್ತಿಯನ್ನು ಇಮ್ಮಡಿಗೊಳಿಸುವುದಕ್ಕಿಂತಲೂ ನಮ್ಮ ನಿತ್ಯಜೀವನಕ್ಕೆ ಹೆಚ್ಚು ಹತ್ತಿರವಾದ ಅರೇಖೀಯ ಪರಿಣಾಮ ಇನ್ನೊಂದಿದೆ. ಕೆಲವು ವಸ್ತುಗಳಿಗೆ ವಿದ್ಯುತ್ ಒತ್ತಡ ಕೊಟ್ಟರೆ ಅವುಗಳ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ನಿಧಾನಿಸುವ ಗುಣ, ಆ ಒತ್ತಡಕ್ಕೆ ಅನುಗುಣವಾಗಿ ಬದಲಾಗುತ್ತದೆ. ಫ್ರೀಡ್ರಿಕ್ ಪಾಕೆಲ್ಸ್ 1893ರಲ್ಲಿ ವಿವರಿಸಿದ ಈ ಪರಿಣಾಮದಿಂದಲೇ ದೂರಸಂಪರ್ಕದಲ್ಲಿ ವಿದ್ಯುತ್ ಸಂಕೇತವನ್ನು ಬೆಳಕಿನ ಸಂಕೇತವಾಗಿ ಬದಲಿಸುವ ಮಾಡ್ಯುಲೇಟರುಗಳು ಕೆಲಸ ಮಾಡುತ್ತವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಪೋಣಿಸುವ ಹೆದ್ದಾರಿಯ ಪಕ್ಕದಲ್ಲಿ ಕೇಬಲ್ ಹೂಳಲು ಅಗೆದ ಗುಂಡಿಗಳನ್ನು ನೋಡಿದಾಗ ನಮ್ಮ ಗಮನ ಹೋಗುವುದು ಗಾಜಿನ ಎಳೆಯ ಕಡೆಗೆ ಮಾತ್ರ. ಆದರೆ ಎಳೆಯೊಳಗೆ ಬೆಳಕನ್ನು ಸೆಕೆಂಡಿಗೆ ಕೋಟ್ಯಂತರ ಸಲ ಏರಿಳಿಸುವ ಸಾಧನವಿಲ್ಲದಿದ್ದರೆ ಎಳೆ ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ. ದಶಕಗಳಿಂದ ಈ ಕೆಲಸಕ್ಕೆ ಬಳಕೆಯಾಗುತ್ತಿರುವ ಪ್ರಮುಖ ವಸ್ತು ಲಿಥಿಯಂ ನಿಯೋಬೇಟ್ ಎಂಬ ಹರಳು. ಅದು ಒಳ್ಳೆಯದು, ಬಾಳಿಕೆ ಬರುವಂಥದು. ಆದರೆ ಅದನ್ನು ಹೆಚ್ಚಿನ ತಾಪದಲ್ಲಿ ನಿಧಾನವಾಗಿ ಬೆಳೆಸಬೇಕು, ಮತ್ತು ಅದರೊಳಗೆ ವಿದ್ಯುತ್ ಸಂಕೇತ ಹರಿಯುವ ವೇಗಕ್ಕೂ ಬೆಳಕು ಹರಿಯುವ ವೇಗಕ್ಕೂ ಹೊಂದಾಣಿಕೆ ಸುಲಭವಲ್ಲ. ಇಂಗಾಲದ ಅಣುಗಳಿಂದಾದ ವಸ್ತುಗಳಲ್ಲಿ ಈ ಎರಡು ವೇಗಗಳು ಹೆಚ್ಚು ಹತ್ತಿರವಿರುತ್ತವೆ, ಎಲೆಕ್ಟ್ರಾನುಗಳ ಸ್ಪಂದನವೂ ಅತಿವೇಗದ್ದು. ಸಾವಯವ ವಸ್ತುಗಳ ಮೇಲಿನ ಆಸಕ್ತಿಗೆ ಇದೇ ಮುಖ್ಯ ಕಾರಣ.

ಇಂಥ ವಸ್ತುವಿನ ತಿರುಳು ಒಂದು ಉದ್ದನೆಯ ಅಣು. ಅದರ ಒಂದು ತುದಿಯಲ್ಲಿ ಎಲೆಕ್ಟ್ರಾನನ್ನು ಕೊಡಲು ಸಿದ್ಧವಿರುವ ಗುಂಪು, ಇನ್ನೊಂದು ತುದಿಯಲ್ಲಿ ಅದನ್ನು ಸೆಳೆದುಕೊಳ್ಳುವ ಗುಂಪು, ನಡುವೆ ಎಲೆಕ್ಟ್ರಾನು ಸಲೀಸಾಗಿ ಓಡಾಡಬಲ್ಲ ಸೇತುವೆ. ಕೊಡುವ ತುದಿಯಿಂದ ಸೆಳೆಯುವ ತುದಿಗೆ ಎಲೆಕ್ಟ್ರಾನು ಇಳಿಜಾರಿನಲ್ಲಿ ಹೋದಂತೆ ಹೋಗುತ್ತದೆ, ಹಿಂದಿರುಗುವಾಗ ಏರು ಹತ್ತಬೇಕಾಗುತ್ತದೆ; ಆದ್ದರಿಂದ ಬೆಳಕಿನ ಸಮನಾದ ಎಳೆದಾಟಕ್ಕೆ ಅಣು ಕೊಡುವ ಉತ್ತರ ಸಮನಾಗಿರುವುದಿಲ್ಲ. ತೀರದ ಅಲೆಯಂತೆ ಒಂದು ಪಕ್ಕ ಚೂಪು, ಇನ್ನೊಂದು ಪಕ್ಕ ಚಪ್ಪಟೆ. ಇಂಥ ಅಣುಗಳನ್ನು ಕ್ರೋಮೋಫೋರ್ ಎನ್ನುತ್ತಾರೆ, ಏಕೆಂದರೆ ಗೋಚರ ಬೆಳಕನ್ನು ಹೀರಿಕೊಂಡು ಗಾಢವಾದ ಬಣ್ಣ ತೋರುವುದು ಇವುಗಳ ಸಾಮಾನ್ಯ ಗುಣ. ಈ ಕ್ಷೇತ್ರದಲ್ಲಿ ಅತ್ಯಂತ ಹೆಚ್ಚು ಅಭ್ಯಾಸಕ್ಕೆ ಒಳಗಾದ ಡಿಸ್ಪರ್ಸ್ ರೆಡ್ 1 ಎಂಬ ಅಣು ಮೂಲತಃ ಕೃತಕ ನೂಲಿನ ಬಟ್ಟೆಗೆ ಹಾಕುವ ಕೆಂಪು ಬಣ್ಣ. ಅದರ ಕೊಡುವ ತುದಿಯಲ್ಲಿ ಅಮೈನ್ ಗುಂಪು, ಸೆಳೆಯುವ ತುದಿಯಲ್ಲಿ ನೈಟ್ರೋ ಗುಂಪು, ನಡುವೆ ಎರಡು ನೈಟ್ರೋಜನ್ ಪರಮಾಣುಗಳು ಜೋಡಿಬಂಧದಿಂದ ಕೂಡಿಕೊಂಡ ಅಜೋ ಸೇತುವೆ. ಈ ಅಜೋ ಸೇತುವೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬೆಳಕಿಗೆ ತಿರುಗುವ ಗುಣವೆಲ್ಲ ಅದರಲ್ಲಿದೆ.

ಒಂದು ಅಣು ಎಷ್ಟು ಚೆನ್ನಾಗಿದ್ದರೂ ಕೋಟಿ ಕೋಟಿ ಅಣುಗಳನ್ನು ಸೇರಿಸಿದಾಗ ಒಂದು ತೊಡಕು ಎದುರಾಗುತ್ತದೆ. ಅಣುಗಳು ಮನಬಂದ ದಿಕ್ಕಿಗೆ ಮುಖಮಾಡಿದ್ದರೆ, ಒಂದರ ಚೂಪು ಇನ್ನೊಂದರ ಚಪ್ಪಟೆಯನ್ನು ತುಂಬಿ, ಒಟ್ಟು ವಸ್ತು ಪುನಃ ಸಮನಾಗಿಬಿಡುತ್ತದೆ. ಆವೃತ್ತಿ ಇಮ್ಮಡಿಯಾಗುವುದಾಗಲಿ ಪಾಕೆಲ್ಸ್ ಪರಿಣಾಮವಾಗಲಿ ಹಾಗಿರುವ ವಸ್ತುವಿನಲ್ಲಿ ಕಾಣುವುದೇ ಇಲ್ಲ. ಇದು ಪ್ರಮಾಣ ಕಡಿಮೆಯಾಗುವ ಮಾತಲ್ಲ, ಸಮರೂಪತೆಯ ನಿಯಮದಿಂದಲೇ ಸೊನ್ನೆಯಾಗುವ ಮಾತು. ಹರಳಾಗಿಸಿದರೂ ಹಲವು ವೇಳೆ ಸಹಾಯವಾಗುವುದಿಲ್ಲ, ಏಕೆಂದರೆ ಒಂದು ತುದಿ ಧನ, ಇನ್ನೊಂದು ತುದಿ ಋಣ ಇರುವ ಅಣುಗಳು ಹರಳಿನಲ್ಲಿ ಒಂದರ ತಲೆಯ ಪಕ್ಕ ಇನ್ನೊಂದರ ಕಾಲು ಬರುವಂತೆ ಜೋಡಣೆಯಾಗಲು ಇಷ್ಟಪಡುತ್ತವೆ. ಆದ್ದರಿಂದ ಬೇಕಾದ ದಿಕ್ಕಿಗೆ ಅಣುಗಳನ್ನು ತಿರುಗಿಸಿ, ತಿರುಗಿಸಿದ ಮೇಲೆ ಹಾಗೆಯೇ ನಿಲ್ಲಿಸುವ ಒಂದು ನೆಲೆ ಬೇಕು. ಆ ನೆಲೆಯೇ ಗಾಜು.

ಗಾಜು ಎಂದೊಡನೆ ಕಿಟಕಿಯ ಗಾಜು ಕಣ್ಣಿಗೆ ಬರುತ್ತದೆ. ಆದರೆ ವಿಜ್ಞಾನದಲ್ಲಿ ಗಾಜು ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಸ್ಥಿತಿಯ ಹೆಸರು. ಅದನ್ನು ತಿಳಿಯಲು ಶಿರಸಿ, ಸಿದ್ದಾಪುರದ ಕಡೆಯ ಅಡುಗೆಮನೆಗಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ಚಳಿಗಾಲದ ಬೆಳಗ್ಗೆ ತೆಂಗಿನ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಅಣುಗಳು ಸಾಲುಗಟ್ಟಿ ಸಣ್ಣ ಸಣ್ಣ ಹರಳುಗಳಾಗುತ್ತವೆ. ಆ ಹರಳುಗಳ ಅಂಚುಗಳಲ್ಲಿ ಬೆಳಕು ಚದುರುವುದರಿಂದ ತಿಳಿಯಾಗಿದ್ದ ಎಣ್ಣೆ ಬೆಳ್ಳಗೆ ಕಾಣುತ್ತದೆ. ಜೋನಿಬೆಲ್ಲದ ರೀತಿ ಬೇರೆ. ಅದು ತಣ್ಣಗಾದಂತೆ ದಪ್ಪವಾಗುತ್ತಾ ಹೋಗುತ್ತದೆಯೇ ಹೊರತು ಇಂಥ ತಾಪದಲ್ಲಿ ಗಟ್ಟಿಯಾಯಿತು ಎಂದು ಗೆರೆ ಎಳೆದು ಹೇಳಲಾಗುವುದಿಲ್ಲ. ಅದೇ ಬೆಲ್ಲವನ್ನು ಬಾಣಲೆಯಲ್ಲಿ ಇನ್ನಷ್ಟು ಕಾಯಿಸಿ, ನೀರಿನ ಅಂಶವನ್ನು ಹೊರಹಾಕಿ, ತಣ್ಣೀರಿಗೆ ಬಿಟ್ಟರೆ ಟಪ್ಪೆಂದು ಮುರಿಯುವ ಪಾಕಕ್ಕೆ ತಂದು, ಚಿಕ್ಕಿ ಮಾಡಲು ಹರಡಿದರೆ, ಅದು ಹರಳಾಗಲು ಸಮಯ ಸಿಗುವ ಮೊದಲೇ ಗಟ್ಟಿಯಾಗಿ ಹೊಳೆಯುವ ಹಾಳೆಯಾಗುತ್ತದೆ. ಅಣುಗಳ ಜೋಡಣೆ ದ್ರವದ್ದೇ, ಚಲನೆ ಮಾತ್ರ ನಿಂತುಹೋಗಿದೆ. ಇಂಗಾಲದ ಅಣುಗಳಿಂದಾದ ಇಂಥ ಗಟ್ಟಿ ಪಾಕವೇ ಸಾವಯವ ಗಾಜು, ಮತ್ತು ಪಾಕ ಗಟ್ಟಿಯಾಗುವ ತಾಪದ ಎಲ್ಲೆಗೆ ಗಾಜಿನ ಸಂಕ್ರಮಣ ತಾಪ ಎಂದು ಹೆಸರು. ಆ ಎಲ್ಲೆಯಲ್ಲಿ ವಸ್ತುವಿನ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಅದು ಒಡ್ಡುವ ತಡೆ, ನೀರಿನದಕ್ಕಿಂತ, ಒಂದರ ಮುಂದೆ 15 ಸೊನ್ನೆ ಬರೆದರೆ ಎಷ್ಟಾಗುತ್ತದೆಯೋ ಅಷ್ಟು ಪಟ್ಟು ಹೆಚ್ಚಾಗಿರುತ್ತದೆ. ಜೋನಿಗೂ ಚಿಕ್ಕಿಯ ಪಾಕಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ನೀರಿನದು: ನೀರಿನ ಸಣ್ಣ ಅಣುಗಳು ಸಕ್ಕರೆಯ ಅಣುಗಳ ನಡುವೆ ನುಸುಳಿ ಅವುಗಳಿಗೆ ಅಲುಗಾಡಲು ಜಾಗ ಮಾಡಿಕೊಡುತ್ತವೆ, ಆದ್ದರಿಂದ ಸಂಕ್ರಮಣ ತಾಪ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಚಿಕ್ಕಿ ಮೆತ್ತಗಾಗಿ ಅಂಟುವುದಕ್ಕೂ ಇದೇ ಕಾರಣ.

ಪಾಲಿಮರ್ ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿದ ಉದ್ದನೆಯ ಅಣು. ಅದು ಸಿಕ್ಕುಸಿಕ್ಕಾಗಿರುವುದರಿಂದ ಹರಳಾಗದೆ ಗಾಜಾಗುವುದು ಹಲವು ಪಾಲಿಮರುಗಳಿಗೆ ಸಹಜ. ಆಕ್ರಿಲಿಕ್ ಹಾಳೆ ಎಂದು ಅಂಗಡಿಯಲ್ಲಿ ಸಿಗುವ ಪಾಲಿಮೀಥೈಲ್ ಮೆಥಾಕ್ರಿಲೇಟ್ ಇಂಥದು. ಅದರ ಸಂಕ್ರಮಣ ತಾಪ ಸುಮಾರು 105 ಡಿಗ್ರಿ. ಈ ಪಾಲಿಮರನ್ನೂ ಕೆಂಪು ಕ್ರೋಮೋಫೋರನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ವೇಗವಾಗಿ ತಿರುಗುವ ಗಾಜಿನ ಬಿಲ್ಲೆಯ ಮೇಲೆ ಕೆಲವು ಹನಿ ಬಿಟ್ಟರೆ, ದ್ರವ ಅಂಚಿನ ಕಡೆಗೆ ಚದುರಿ, ದ್ರಾವಕ ಆರಿಹೋಗಿ, ಒಂದೆರಡು ಮೈಕ್ರೋಮೀಟರ್ ದಪ್ಪದ ಸಮನಾದ ಪದರ ಉಳಿಯುತ್ತದೆ. ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟನ್ನು ಕಾದ ಮಡಕೆಯ ಬೆನ್ನಿಗೆ ಬಟ್ಟೆಯಿಂದ ಸವರಿ ತೊಡದೇವು ಎಬ್ಬಿಸುವವರಿಗೆ ಇದರ ಮರ್ಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಹಿಟ್ಟಿನ ಹದ, ಸವರುವ ವೇಗ, ಆರುವ ವೇಗ ಈ ಮೂರೂ ಕೂಡಿಬಂದರೆ ಮಾತ್ರ ಪದರ ಕಾಗದದಂತೆ ತೆಳ್ಳಗೆ, ತೂತಿಲ್ಲದೆ ಬರುತ್ತದೆ. ವಾರಗಟ್ಟಲೆ ಹರಳು ಬೆಳೆಸುವ ಬದಲು ನಿಮಿಷಗಳಲ್ಲಿ ಪದರ ತಯಾರಾಗುವುದು ಸಾವಯವ ಗಾಜಿನ ದೊಡ್ಡ ಅನುಕೂಲ.

ಪದರ ಸಿದ್ಧವಾದಾಗ ಅದರೊಳಗಿನ ಅಣುಗಳು ದಿಕ್ಕಾಪಾಲಾಗಿಯೇ ಇರುತ್ತವೆ. ಅವುಗಳನ್ನು ಒಂದೇ ಕಡೆ ತಿರುಗಿಸುವ ವಿಧಾನಕ್ಕೆ ಪೋಲಿಂಗ್ ಎನ್ನುತ್ತಾರೆ. ಬೈತಖೋಲ ಬಂದರಿನಲ್ಲಿಯೋ ತದಡಿಯಲ್ಲಿಯೋ ಲಂಗರು ಹಾಕಿ ನಿಂತ ದೋಣಿಗಳನ್ನು ನೆನೆಯೋಣ. ನೀರಿನ ಸೆಳೆತ ಜೋರಾಗಿರುವಾಗ ಎಲ್ಲ ದೋಣಿಗಳ ಮೂತಿಯೂ ಒಂದೇ ದಿಕ್ಕಿಗೆ ಇರುತ್ತದೆ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವಿನ ಹೊತ್ತಿನಲ್ಲಿ ಅವು ತಮತಮಗೆ ತೋಚಿದ ಕಡೆ ತಿರುಗುತ್ತವೆ. ಸೆಳೆತವಿರುವಾಗಲೇ ನೀರು ಕಲ್ಲಾಗಿಬಿಟ್ಟರೆ ದೋಣಿಗಳು ಅದೇ ಸಾಲಿನಲ್ಲಿ ನಿಂತುಬಿಡುತ್ತವೆ. ಪೋಲಿಂಗ್‌ನಲ್ಲಿ ಮಾಡುವುದು ಇದನ್ನೇ. ಪದರವನ್ನು ಸಂಕ್ರಮಣ ತಾಪದವರೆಗೆ ಬಿಸಿಮಾಡಿ ಅಣುಗಳಿಗೆ ತಿರುಗುವ ಸ್ವಾತಂತ್ರ್ಯ ಕೊಟ್ಟು, ಅದೇ ಹೊತ್ತಿಗೆ ಮೈಕ್ರೋಮೀಟರಿಗೆ 100 ವೋಲ್ಟಿನ ಆಸುಪಾಸಿನ ವಿದ್ಯುತ್ ಕ್ಷೇತ್ರವನ್ನು ಹೇರಿ, ಕ್ಷೇತ್ರವನ್ನು ತೆಗೆಯದೆಯೇ ಪದರವನ್ನು ತಣ್ಣಗಾಗಿಸಬೇಕು. ಹೀಗೆ ಮಾಡಿದ ಆಕ್ರಿಲಿಕ್ ಮತ್ತು ಡಿಸ್ಪರ್ಸ್ ರೆಡ್ 1 ಮಿಶ್ರಣದ ಪದರವು ಬೆಳಕಿನ ಆವೃತ್ತಿಯನ್ನು ಇಮ್ಮಡಿಗೊಳಿಸುವುದನ್ನು 1986ರಲ್ಲಿ ಕೆನೆತ್ ಸಿಂಗರ್ ಮತ್ತು ಸಂಗಡಿಗರು ವರದಿ ಮಾಡಿದರು. ಇಲ್ಲಿ ಒಂದು ಮಾತು ಗಮನಿಸಬೇಕು: ಇಷ್ಟು ಪ್ರಬಲವಾದ ಕ್ಷೇತ್ರದಲ್ಲಿಯೂ ಅಂಥ ಒಂದು ಅಣುವನ್ನು ತಿರುಗಿಸುವ ಶಕ್ತಿಯು, ಆ ತಾಪದಲ್ಲಿ ಅಣುವನ್ನು ಕಂಗೆಡಿಸುವ ಉಷ್ಣದ ಶಕ್ತಿಯ ಅರ್ಧದಷ್ಟೇ ಆಗುತ್ತದೆ. ಆದ್ದರಿಂದ ಎಲ್ಲ ದೋಣಿಗಳೂ ಸಾಲಾಗಿ ನಿಲ್ಲುವುದಿಲ್ಲ. ಒಟ್ಟಾರೆ ವಾಲಿಕೆ ಒಂದು ಕಡೆಗೆ ಇರುತ್ತದೆ, ಅಷ್ಟೆ.

ಕಷ್ಟ ಇರುವುದು ಮುಂದೆ. ಪದರ ತಣ್ಣಗಾದ ಮೇಲೂ ಅಣುಗಳ ಅಲುಗಾಟ ಪೂರ್ತಿ ನಿಲ್ಲುವುದಿಲ್ಲ, ಮತ್ತು ಪಾಲಿಮರಿನಲ್ಲಿ ಬೆರೆಸಿದ ಬಣ್ಣದ ಅಣುಗಳೇ ಚಿಕ್ಕಿಯಲ್ಲಿ ನೀರು ಮಾಡುವ ಕೆಲಸವನ್ನು ಮಾಡಿ ಸಂಕ್ರಮಣ ತಾಪವನ್ನು ಇಳಿಸುತ್ತವೆ. ಪರಿಣಾಮವನ್ನು ಹೆಚ್ಚಿಸಲು ಬಣ್ಣ ಹೆಚ್ಚು ಹಾಕಿದಷ್ಟೂ ಗಾಜು ಮೆತ್ತಗಾಗಿ, ಕಷ್ಟಪಟ್ಟು ತಂದ ವಾಲಿಕೆ ದಿನಗಳಲ್ಲೋ ವಾರಗಳಲ್ಲೋ ಕರಗಿಹೋಗುತ್ತದೆ. ಇದಕ್ಕೆ ರಸಾಯನಶಾಸ್ತ್ರಜ್ಞರು ಹಂತಹಂತವಾಗಿ ಉತ್ತರ ಹುಡುಕಿದರು. ಬಣ್ಣದ ಅಣುವನ್ನು ಸುಮ್ಮನೆ ಬೆರೆಸುವ ಬದಲು ಪಾಲಿಮರಿನ ಸರಪಳಿಗೇ ಒಂದು ತುದಿಯಿಂದ ಕಟ್ಟಿಹಾಕಿದರು. ಆಮೇಲೆ, ಪೋಲಿಂಗ್ ನಡೆಯುತ್ತಿರುವಾಗಲೇ ಸರಪಳಿ ಸರಪಳಿಗಳ ನಡುವೆ ಅಡ್ಡಬಂಧಗಳು ಬೆಳೆಯುವಂತೆ ಮಾಡಿ, ಇಡೀ ಪದರವನ್ನು ಒಂದು ಬಲೆಯಂತೆ ಬಿಗಿದರು. ಹೆಚ್ಚಿನ ಸಂಕ್ರಮಣ ತಾಪವುಳ್ಳ ಪಾಲಿಮರುಗಳನ್ನು ಆರಿಸಿಕೊಂಡರು, ಆಗ ಪೋಲಿಂಗ್‌ನ ಬಿಸಿಯನ್ನು ತಾಳಿಕೊಳ್ಳುವ ಬಣ್ಣದ ಅಣುಗಳೂ ಬೇಕಾದವು.

ಬಣ್ಣವನ್ನು ಹೆಚ್ಚಿಸುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. ಧನ ಮತ್ತು ಋಣ ತುದಿಗಳುಳ್ಳ ಅಣುಗಳು ಹತ್ತಿರ ಬಂದಾಗ ತಲೆಗೆ ಕಾಲು ಸೇರಿಸಿ ಜೋಡಿಯಾಗುತ್ತವೆ, ಜೋಡಿಯಾದವು ಒಂದನ್ನೊಂದು ಅಳಿಸುತ್ತವೆ. ಒಂದು ಮಿತಿ ದಾಟಿದ ಮೇಲೆ ಬಣ್ಣ ಹಾಕಿದಷ್ಟೂ ಪರಿಣಾಮ ಕುಗ್ಗುತ್ತದೆ. ಅಮೆರಿಕದಲ್ಲಿ ಲ್ಯಾರಿ ಡಾಲ್ಟನ್ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ಪರಿಹಾರ ಅಣುವಿನ ಆಕಾರವನ್ನೇ ಬದಲಿಸುವುದು. ಅಣುವಿನ ಪಕ್ಕೆಗಳಿಗೆ ದಪ್ಪನೆಯ ಗುಂಪುಗಳನ್ನು ಜೋಡಿಸಿ ಅದನ್ನು ದುಂಡಾಗಿಸಿದರೆ ಎರಡು ಅಣುಗಳು ಪಕ್ಕಪಕ್ಕದಲ್ಲಿ ಒತ್ತಿಕೊಂಡು ಮಲಗಲಾರವು. ಈ ಉಪಾಯದಿಂದ 2000ದಲ್ಲಿ ಒಂದು ವೋಲ್ಟಿಗಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಪಾಲಿಮರ್ ಮಾಡ್ಯುಲೇಟರ್ ಸಾಧ್ಯವಾಯಿತು. ಲಿಥಿಯಂ ನಿಯೋಬೇಟಿನ ವಿದ್ಯುತ್-ಬೆಳಕು ಗುಣಾಂಕ, ಅಂದರೆ ವಿದ್ಯುತ್ತಿಗೆ ಅದರ ಸೂಚ್ಯಂಕ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ, ವೋಲ್ಟಿಗೆ ಸುಮಾರು 30 ಪಿಕೋಮೀಟರ್ ಆಗಿದ್ದರೆ, ಇಂದು ಒಳ್ಳೆಯ ಸಾವಯವ ಪದರಗಳಲ್ಲಿ ಅದು 100ನ್ನು ಸುಲಭವಾಗಿ ದಾಟುತ್ತದೆ.

ಇದೇ ದಪ್ಪ ಗುಂಪುಗಳ ಉಪಾಯ ಇನ್ನೊಂದು ದಾರಿಯನ್ನೂ ತೆರೆಯಿತು. ಅಡುಗೆ ಬಲ್ಲವರು ಸಕ್ಕರೆಯ ಪಾಕಕ್ಕೆ ನಾಲ್ಕು ಹನಿ ಲಿಂಬೆರಸ ಹಿಂಡುತ್ತಾರೆ. ಲಿಂಬೆಯ ಹುಳಿಯಿಂದ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬೇರೆ ಬೇರೆ ಆಕಾರದ ಅಣುಗಳು ಬೆರೆತಾಗ ಸಾಲುಗಟ್ಟಲು ಆಗದೆ ಪಾಕ ಹರಳಾಗುವುದು ತಪ್ಪುತ್ತದೆ. ಸಾವಯವ ಗಾಜಿನಲ್ಲಿ ಈ ಅಡಚಣೆಯನ್ನು ಅಣುವಿನ ಮೈಗೇ ಕಟ್ಟಲಾಗುತ್ತದೆ. ಮೂರು ಬೆಂಜೀನ್ ಉಂಗುರಗಳು ಪಂಖದ ಎಲೆಗಳಂತೆ ಹರಡಿಕೊಂಡ ಟ್ರೈಫಿನೈಲ್‌ಮೀಥೈಲ್ ಗುಂಪನ್ನು ಕ್ರೋಮೋಫೋರಿಗೆ ಜೋಡಿಸಿದರೆ, ಯಾವ ಪಾಲಿಮರಿನ ಆಸರೆಯೂ ಇಲ್ಲದೆ ಆ ಸಣ್ಣ ಅಣುವೇ ತಾನಾಗಿ ಪಾರದರ್ಶಕ ಗಾಜಾಗುತ್ತದೆ. ಲಾಟ್ವಿಯಾದ ರಿಗಾ ನಗರದ ಸಂಶೋಧಕರು ಈ ಬಗೆಯ ಗಾಜುಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಪಾಲಿಮರಿನಲ್ಲಿ ಬಣ್ಣ ಬೆರೆಸಿದಾಗ ಪದರದ ಬಹುಪಾಲು ಬೆಳಕಿಗೆ ಸಂಬಂಧವಿಲ್ಲದ ಭರ್ತಿಯ ಸಾಮಗ್ರಿಯಾಗಿರುತ್ತದೆ. ಇಲ್ಲಿ ಪ್ರತಿಯೊಂದು ಅಣುವೂ ಕೆಲಸ ಮಾಡುವಂಥದು. ಪಾಲಿಮರ್ ಸರಪಳಿಗಳ ಉದ್ದ ಒಂದರಂತೆ ಒಂದಿರುವುದಿಲ್ಲ, ಸಣ್ಣ ಅಣುವನ್ನಾದರೋ ಪೂರ್ತಿ ಶುದ್ಧಗೊಳಿಸಬಹುದು. ಆದರೆ ಸರಪಳಿಯ ಸಿಕ್ಕು ಕೊಡುವ ಗಟ್ಟಿತನ ಅದಕ್ಕಿಲ್ಲ, ಕಾಲ ಕಳೆದಂತೆ ಎಲ್ಲಾದರೂ ಒಂದು ಮೂಲೆಯಲ್ಲಿ ಹರಳು ಮೊಳೆಯುವ ಭಯವೂ ಇದೆ. ಆದ್ದರಿಂದಲೇ ಎರಡರ ಗುಣಗಳನ್ನೂ ಪಡೆಯಲು ಅಂಥ ಅಣುಗಾಜನ್ನು ಪಾಲಿಮರಿನೊಡನೆ ಬೆರೆಸಿ ನೋಡುತ್ತಾರೆ. ಎರಡು ಸಾಮಗ್ರಿಗಳೂ ಅಣುಮಟ್ಟದಲ್ಲಿ ಬೆರೆತರೆ ಒಂದೇ ಸಂಕ್ರಮಣ ತಾಪ ಕಾಣುತ್ತದೆ. ಎರಡು ಕಂಡರೆ ಮಿಶ್ರಣ ಒಳಗೊಳಗೇ ಒಡೆದಿದೆ ಎಂದು ಅರ್ಥ, ಮತ್ತು ಒಡೆದ ಪದರ ಹೆಪ್ಪುಗಟ್ಟಿದ ತೆಂಗಿನ ಎಣ್ಣೆಯಂತೆ ಬೆಳಕನ್ನು ಚದುರಿಸುತ್ತದೆ.

ಇಲ್ಲಿಯವರೆಗೆ ಅಣುಗಳನ್ನು ತಿರುಗಿಸಿದ್ದು ವಿದ್ಯುತ್ತು ಮತ್ತು ಬಿಸಿ. ಬೆಳಕೇ ಅವುಗಳನ್ನು ತಿರುಗಿಸುವ ಬಗೆ ಇದಕ್ಕಿಂತ ಸೊಗಸಾದದ್ದು. ಅಜೋ ಸೇತುವೆಯುಳ್ಳ ಅಣು ಸಾಮಾನ್ಯವಾಗಿ ನೀಳವಾಗಿರುತ್ತದೆ. ತಕ್ಕ ಬಣ್ಣದ ಬೆಳಕನ್ನು ಹೀರಿದಾಗ ಅದು ಸೇತುವೆಯ ಬಳಿ ಮಡಚಿಕೊಳ್ಳುತ್ತದೆ. ಅಜೋಬೆಂಜೀನಿನಲ್ಲಿ ಎರಡು ತುದಿಗಳ ನಡುವಿನ ಅಂತರ ಸುಮಾರು 0.9 ನ್ಯಾನೊಮೀಟರಿನಿಂದ 0.55ಕ್ಕೆ ಇಳಿಯುತ್ತದೆ. ಮಡಚಿದ ರೂಪವನ್ನು ಜಿ. ಎಸ್. ಹಾರ್ಟ್ಲಿ 1937ರಲ್ಲಿ ಮೊದಲು ಗುರುತಿಸಿದರು. ಬೆಳಕು ತೆಗೆದರೆ ಅಣು ಪುನಃ ನೀಳವಾಗುತ್ತದೆ. ಸರಳ ಅಜೋಬೆಂಜೀನಿಗೆ ಇದಕ್ಕೆ ಗಂಟೆಗಟ್ಟಲೆ ಬೇಕಾದರೆ, ಕೊಡುವ ಮತ್ತು ಸೆಳೆಯುವ ತುದಿಗಳುಳ್ಳ ಡಿಸ್ಪರ್ಸ್ ರೆಡ್‌ನಂಥ ಅಣುವಿಗೆ ಸಾಮಾನ್ಯವಾಗಿ ಕೆಲವು ಸೆಕೆಂಡುಗಳೋ ಅದಕ್ಕಿಂತ ಕಡಿಮೆಯೋ ಸಾಕು. ಹಿಂದಿರುಗಿ ನೀಳವಾದಾಗ ಅದು ಮೊದಲಿನ ದಿಕ್ಕಿಗೇ ಮುಖಮಾಡಿರಬೇಕೆಂಬ ನಿಯಮವಿಲ್ಲ. ಹೀಗಾಗಿ ಪ್ರತಿಯೊಂದು ಮಡಚಿ ಬಿಚ್ಚುವಿಕೆಯೂ ಅಣುವಿಗೆ ದಿಕ್ಕು ಬದಲಿಸುವ ಒಂದು ಅವಕಾಶ.

ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸಿ, ಅಂದರೆ ಧ್ರುವೀಕರಿಸಿ, ಪದರದ ಮೇಲೆ ಬಿಟ್ಟರೆ ಏನಾಗುತ್ತದೆ ಎಂದು ಈಗ ಊಹಿಸಬಹುದು. ಆ ದಿಕ್ಕಿಗೆ ಸಮಾನಾಂತರವಾಗಿರುವ ಅಣುಗಳು ಬೆಳಕನ್ನು ಹೆಚ್ಚು ಹೀರುತ್ತವೆ, ಲಂಬವಾಗಿರುವ ಅಣುಗಳು ಹೀರುವುದೇ ಇಲ್ಲ. ಜಗಲಿಯಲ್ಲಿ ಮಲಗಿದವರು ಬಿಸಿಲು ತಾಗಿದಾಗಲೆಲ್ಲ ಸರಿದು ಮಲಗುತ್ತಾ ಕೊನೆಗೆ ನೆರಳಿರುವ ಮೂಲೆಗೆ ಬಂದು ನಿಲ್ಲುವಂತೆ, ಬೆಳಕು ತಾಗಿದಾಗಲೆಲ್ಲ ದಿಕ್ಕು ಬದಲಿಸುವ ಅಣುಗಳು ಸಾವಿರಾರು ಸಲ ಹೊರಳಿದ ಬಳಿಕ ಬೆಳಕು ತಾಗದ ಲಂಬ ದಿಕ್ಕಿನಲ್ಲಿ ಬಂದು ಸೇರುತ್ತವೆ. ಆಗ ಪದರದ ವಕ್ರೀಭವನ ಸೂಚ್ಯಂಕ ಒಂದು ದಿಕ್ಕಿಗೆ ಒಂದು, ಇನ್ನೊಂದು ದಿಕ್ಕಿಗೆ ಇನ್ನೊಂದು ಆಗುತ್ತದೆ. ಬೆಳಕಿನಿಂದ ಬರೆದ ಈ ಗುರುತನ್ನು ಬೇರೆ ಬಣ್ಣದ ಬೆಳಕಿನಿಂದ ಓದಬಹುದು, ವೃತ್ತಾಕಾರವಾಗಿ ಧ್ರುವೀಕರಿಸಿದ ಬೆಳಕಿನಿಂದ ಅಳಿಸಬಹುದು. ಹೀಗೆ ಹೊರಳುತ್ತಿರುವ ಅಣುಗಳ ಮೇಲೆ ವಿದ್ಯುತ್ ಕ್ಷೇತ್ರವನ್ನು ಹೇರಿದರೆ, ಪದರವನ್ನು ಬಿಸಿಮಾಡದೆ ಕೋಣೆಯ ತಾಪದಲ್ಲಿಯೇ ಪೋಲಿಂಗ್ ಮಾಡಬಹುದು. ಒಂದು ಬೆಳಕನ್ನೂ ಅದರ ಎರಡು ಪಟ್ಟು ಆವೃತ್ತಿಯ ಇನ್ನೊಂದು ಬೆಳಕನ್ನೂ ಒಟ್ಟಿಗೆ ಹಾಯಿಸಿ ವಿದ್ಯುದಾಗ್ರಗಳೇ ಇಲ್ಲದೆಯೂ ಅಣುಗಳಿಗೆ ದಿಕ್ಕು ಕೊಡಬಹುದು.

1995ರಲ್ಲಿ ಕೆನಡಾದ ಒಂದು ತಂಡವೂ ಅಮೆರಿಕದ ಒಂದು ತಂಡವೂ ಬೇರೆ ಬೇರೆಯಾಗಿ ಇನ್ನಷ್ಟು ಅಚ್ಚರಿಯ ಸಂಗತಿಯನ್ನು ವರದಿ ಮಾಡಿದವು. ಅಜೋ ಪಾಲಿಮರಿನ ನುಣುಪಾದ ಪದರದ ಮೇಲೆ ಎರಡು ಲೇಸರ್ ಕಿರಣಗಳು ಒಂದರ ಮೇಲೊಂದು ಬಿದ್ದು ಬೆಳಕು ಮತ್ತು ಕತ್ತಲೆಯ ಪಟ್ಟೆಗಳನ್ನು ಮೂಡಿಸಿದಾಗ, ಆ ಪಟ್ಟೆಗಳಿಗೆ ಅನುಸಾರವಾಗಿ ಪದರದ ಮೈಯೇ ನೂರಾರು ನ್ಯಾನೊಮೀಟರ್ ಆಳದ ಏರುತಗ್ಗುಗಳಾಗಿ ಎದ್ದಿತು. ಸಂಕ್ರಮಣ ತಾಪ 100 ಡಿಗ್ರಿಯ ಆಚೆಗಿರುವ ಗಟ್ಟಿ ಗಾಜು ಕೋಣೆಯ ತಾಪದಲ್ಲಿ, ಕರಗದೆ, ಬೆಳಕಿನ ಕೆಳಗೆ ಹರಿದಿತ್ತು. ಅಣುವಿನ ಮಡಚುವಿಕೆಯಂಥ ಸಣ್ಣ ಚಲನೆ ಇಷ್ಟು ದೊಡ್ಡ ಪ್ರಮಾಣದ ವಸ್ತುವನ್ನು ಹೇಗೆ ಸಾಗಿಸುತ್ತದೆ ಎಂಬುದರ ಕುರಿತು ಹಲವು ವಿವರಣೆಗಳಿವೆ. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ ಎಂದು ಹೇಳದೆ ಮುಂದೆ ಹೋಗಲಾರೆ.

ಮಿಶ್ರಣ ಎಂಬ ಮಾತಿನ ಪೂರ್ತಿ ಅರ್ಥ ತಿಳಿಯುವುದು ದ್ಯುತಿವಕ್ರೀಭವನ ಪಾಲಿಮರುಗಳಲ್ಲಿ, ಅಂದರೆ ಬೆಳಕು ಬಿದ್ದಾಗ ಹುಟ್ಟುವ ವಿದ್ಯುತ್ ಕ್ಷೇತ್ರದಿಂದ ವಕ್ರೀಭವನ ಸೂಚ್ಯಂಕ ಬದಲಾಗುವ ಪಾಲಿಮರುಗಳಲ್ಲಿ. ಈ ಪರಿಣಾಮ ಮೊದಲು ಕಂಡದ್ದು 1966ರಲ್ಲಿ, ಬೆಲ್ ಪ್ರಯೋಗಾಲಯದಲ್ಲಿ ಆರ್ಥರ್ ಆಶ್‌ಕಿನ್ ಮತ್ತು ಸಂಗಡಿಗರಿಗೆ. ಲೇಸರಿನಿಂದ ಲಿಥಿಯಂ ನಿಯೋಬೇಟ್ ಹರಳಿನ ಸೂಚ್ಯಂಕ ಬದಲಾಗುವುದನ್ನು ಅವರು ಹರಳಿಗಾದ ಹಾನಿಯೆಂದೇ ಕರೆದರು. 1991ರಲ್ಲಿ ಐಬಿಎಂ ಕಂಪನಿಯ ಆಲ್ಮಡೆನ್ ಸಂಶೋಧನಾ ಕೇಂದ್ರದಲ್ಲಿ ಸ್ಟೀಫನ್ ಡುಶಾರ್ಮ್, ವಿಲಿಯಂ ಮೋರ್ನರ್ ಮತ್ತಿತರರು ಅದನ್ನು ಪಾಲಿಮರಿನಲ್ಲಿ ತೋರಿಸಿದರು. ಇಂಥ ಪಾಲಿಮರಿನ ಮೇಲೆ ಎರಡು ಲೇಸರ್ ಕಿರಣಗಳಿಂದ ಬೆಳಕು ಮತ್ತು ಕತ್ತಲೆಯ ಪಟ್ಟೆಗಳನ್ನು ಮೂಡಿಸಿದಾಗ ನಡೆಯುವುದು ಹೀಗೆ. ಬೆಳಕು ಬಿದ್ದ ಪಟ್ಟೆಯಲ್ಲಿ ಒಂದು ಸಾಮಗ್ರಿ ಬೆಳಕನ್ನು ಹೀರಿ ಧನ ಮತ್ತು ಋಣ ಆವೇಶಗಳನ್ನು ಬೇರ್ಪಡಿಸುತ್ತದೆ. ಸಿ-60 ಎಂಬ ಚೆಂಡಿನಾಕಾರದ ಇಂಗಾಲದ ಅಣು ಈ ಕೆಲಸಕ್ಕೆ ಒಳ್ಳೆಯದು. ಬೇರ್ಪಟ್ಟ ಧನ ಆವೇಶವನ್ನು ಪಾಲಿವಿನೈಲ್‌ಕಾರ್ಬಜೋಲ್ ಎಂಬ ಪಾಲಿಮರ್ ತನ್ನ ಉಂಗುರದಿಂದ ಉಂಗುರಕ್ಕೆ ದಾಟಿಸುತ್ತಾ ಕತ್ತಲೆಯ ಪಟ್ಟೆಗೆ ಒಯ್ಯುತ್ತದೆ. ಅಲ್ಲಿ ಸಿಕ್ಕಿಬಿದ್ದ ಆವೇಶಕ್ಕೂ ಬೆಳಕಿನ ಪಟ್ಟೆಯಲ್ಲಿ ಉಳಿದ ಆವೇಶಕ್ಕೂ ನಡುವೆ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಆ ಕ್ಷೇತ್ರಕ್ಕೆ ಕ್ರೋಮೋಫೋರ್ ಸ್ಪಂದಿಸಿ ಸೂಚ್ಯಂಕವನ್ನು ಬದಲಿಸುತ್ತದೆ. ಮೂರು ಕೆಲಸಕ್ಕೆ ಮೂರು ಸಾಮಗ್ರಿ.

ಪಾಲಿವಿನೈಲ್‌ಕಾರ್ಬಜೋಲಿನ ಸಂಕ್ರಮಣ ತಾಪ 200 ಡಿಗ್ರಿಗೂ ಮೇಲೆ ಇರುವುದರಿಂದ ಅಂಥ ಗಟ್ಟಿ ಗಾಜಿನಲ್ಲಿ ಕ್ರೋಮೋಫೋರ್ ಅಲುಗಾಡಲಾರದು. ಆದ್ದರಿಂದ ನಾಲ್ಕನೆಯ ಸಾಮಗ್ರಿಯಾಗಿ ಮೆದುಕಾರಿಯೊಂದನ್ನು, ಸಾಮಾನ್ಯವಾಗಿ ಈಥೈಲ್‌ಕಾರ್ಬಜೋಲನ್ನು, ಸೇರಿಸಿ ಮಿಶ್ರಣದ ಸಂಕ್ರಮಣ ತಾಪವನ್ನು ಬೇಕೆಂದೇ ಕೋಣೆಯ ತಾಪದ ಹತ್ತಿರಕ್ಕೆ ಇಳಿಸುತ್ತಾರೆ. ಮಾಡ್ಯುಲೇಟರಿನಲ್ಲಿ ಶತ್ರುವಾಗಿದ್ದ ಮೆದುತನ ಇಲ್ಲಿ ಮಿತ್ರ. ಹೊರಗಿನ ವಿದ್ಯುತ್ ಒತ್ತಡವೂ ಪಟ್ಟೆಗಳ ನಡುವಿನ ಕ್ಷೇತ್ರವೂ ಸೇರಿ ಪ್ರತಿ ಪಟ್ಟೆಯಲ್ಲಿಯೂ ಅಣುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿರುಗಿಸುವುದರಿಂದ ಸೂಚ್ಯಂಕದ ಬದಲಾವಣೆ ಬಹಳ ಹೆಚ್ಚುತ್ತದೆ. 1994ರಲ್ಲಿ ಕ್ಲಾಸ್ ಮೀರ್‌ಹೋಲ್ಜ್ ಮತ್ತು ಸಂಗಡಿಗರು ಇಂಥ ಮಿಶ್ರಣದ ಕೇವಲ 105 ಮೈಕ್ರೋಮೀಟರ್ ದಪ್ಪದ ಪದರದಲ್ಲಿ, ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಾಗಿಸಬಲ್ಲ ಹೋಲೋಗ್ರಾಮನ್ನು, ಅಂದರೆ ಬೆಳಕಿನ ಪಟ್ಟೆಗಳ ಅಚ್ಚನ್ನು, ಬರೆದು ತೋರಿಸಿದರು. ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಮೂರು ಆಯಾಮದ ಚಿತ್ರಫಲಕವನ್ನು 2008ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಈ ವರ್ಗದ ಪಾಲಿಮರಿನಿಂದಲೇ ಮಾಡಿದರು. ಕಬ್ಬಿನ ಹಾಲು ಒಂದೇ ಆದರೂ ದೋಸೆಗೆ ಜೋನಿ ಬೇಕು, ಚಿಕ್ಕಿಗೆ ಗಟ್ಟಿ ಪಾಕ ಬೇಕು. ಹಾಗೆಯೇ ಇಲ್ಲಿಯೂ ಮಿಶ್ರಣದ ಹದವನ್ನು ಅದರ ಬಳಕೆ ನಿರ್ಧರಿಸುತ್ತದೆ.

ಆವೃತ್ತಿಯನ್ನು ಮೂರು ಪಟ್ಟು ಮಾಡುವಂಥ ಮೂರನೆಯ ದರ್ಜೆಯ ಅರೇಖೀಯ ಪರಿಣಾಮಗಳಿಗೆ ಅಣುಗಳನ್ನು ಸಾಲಾಗಿಸಬೇಕಾದ ಕಟ್ಟುಪಾಡಿಲ್ಲ, ಏಕೆಂದರೆ ಅವು ದಿಕ್ಕಾಪಾಲಾದ ಗಾಜಿನಲ್ಲಿಯೂ ಸೊನ್ನೆಯಾಗುವುದಿಲ್ಲ. ಬೆಳಕು ತೀವ್ರವಾದಷ್ಟೂ ಹೆಚ್ಚು ಹೀರಿಕೊಂಡು ಕಣ್ಣನ್ನೋ ಉಪಕರಣವನ್ನೋ ಲೇಸರಿನಿಂದ ಕಾಪಾಡುವ ಪದರಗಳು ಈ ಗುಂಪಿಗೆ ಸೇರುತ್ತವೆ. ನಮ್ಮ ಕರಾವಳಿಯಲ್ಲಿಯೇ ಸುರತ್ಕಲ್‌ನ ಎನ್‌ಐಟಿಕೆ ತಾಂತ್ರಿಕ ಸಂಸ್ಥೆಯಲ್ಲಿ ಥಯೋಫೀನ್ ಎಂಬ ಗಂಧಕವುಳ್ಳ ಉಂಗುರದ ಅಣು ಆಧಾರಿತ ಪಾಲಿಮರುಗಳ ಮೇಲೆ ಇಂಥ ಅಧ್ಯಯನಗಳು ನಡೆದಿವೆ ಎಂಬುದನ್ನು ಭೌತಶಾಸ್ತ್ರ, ರಸಾಯನಶಾಸ್ತ್ರ ಓದುವ ಉತ್ತರ ಕನ್ನಡದ ವಿದ್ಯಾರ್ಥಿಗಳು ಗಮನಿಸಬೇಕು.

ಪ್ರತಿ ವರ್ಷ ಹೊಸ ಅಣು, ಹೊಸ ಗುಣಾಂಕ ಎಂಬ ಸುದ್ದಿಗಳು ಬರುತ್ತಲೇ ಇರುತ್ತವೆ. ಆದರೆ ಒಂದು ಸಾವಯವ ಗಾಜಿನ ಯೋಗ್ಯತೆಯನ್ನು ಅದರ ಅತಿ ಹೆಚ್ಚಿನ ಗುಣಾಂಕದಿಂದ ಅಳೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಳದಲ್ಲಿ ಒಣಹಾಕಿದ ಕೆಂಪು ಸೀರೆ ಕೆಲವು ಬೇಸಿಗೆಗಳಲ್ಲಿ ಮಾಸುವಂತೆ, ಬೆಳಕು ಮತ್ತು ಗಾಳಿಯ ಆಮ್ಲಜನಕ ಸೇರಿ ಕ್ರೋಮೋಫೋರಿನ ಜೋಡಿಬಂಧಗಳನ್ನು ಒಡೆದು ಅದನ್ನು ಬಣ್ಣಗೆಡಿಸುತ್ತವೆ. ತೇವ ಪದರದೊಳಗೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ, ಪೋಲಿಂಗ್‌ನ ವೇಳೆ ವಿದ್ಯುತ್ ಸೋರುವಂತೆ ಮಾಡುತ್ತದೆ. ಆರು ತಿಂಗಳು ಹಸಿಗಾಳಿಯಲ್ಲಿರುವ ನಮ್ಮ ಕರಾವಳಿಯಂಥ ಪ್ರದೇಶದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಆದ್ದರಿಂದ ಸಾಧನವನ್ನು ಗಾಳಿಯಾಡದಂತೆ ಮುಚ್ಚಿ ಮೊಹರು ಮಾಡುತ್ತಾರೆ. ಸಿಲಿಕಾನ್ ಚಿಪ್ಪಿನಲ್ಲಿ ಸುಮಾರು 100 ನ್ಯಾನೊಮೀಟರ್ ಅಗಲದ ಸೀಳು ಕೊರೆದು ಅದರೊಳಗೆ ಈ ಗಾಜನ್ನು ತುಂಬುವ ವಿನ್ಯಾಸಗಳಲ್ಲಿ ಬೇಕಾಗುವ ವಸ್ತುವಿನ ಪ್ರಮಾಣವೂ ಅತ್ಯಲ್ಪ, ಕೆಲಸಕ್ಕೆ ಬೇಕಾಗುವ ವಿದ್ಯುತ್ ಒತ್ತಡವೂ ಅತ್ಯಲ್ಪ. ದೂರಸಂಪರ್ಕ ಕ್ಷೇತ್ರದಲ್ಲಿ ಸಾಧನಗಳನ್ನು ಒಪ್ಪಿಕೊಳ್ಳುವ ಮೊದಲು ನಡೆಸುವ ಪರೀಕ್ಷೆಗಳಲ್ಲಿ ಒಂದು ಹೀಗಿದೆ: ಸಾಧನವನ್ನು 85 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 2000 ಗಂಟೆ, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳು, ಇಟ್ಟು ಅಳೆಯುತ್ತಾರೆ. ಬೆರೆಸಿದ ಬಣ್ಣದ ಹಳೆಯ ಪದರಗಳಲ್ಲಿ ಆ ಬಿಸಿಗೆ ಅಣುಗಳ ವಾಲಿಕೆ ಉಳಿಯುತ್ತಿರಲಿಲ್ಲ. ಅಡ್ಡಬಂಧಗಳಿಂದ ಬಿಗಿದ, ಸಂಕ್ರಮಣ ತಾಪ 150 ಡಿಗ್ರಿಯನ್ನು ದಾಟಿದ ಇತ್ತೀಚಿನ ಗಾಜುಗಳು ಅದನ್ನು ತಾಳಿಕೊಂಡು ತಮ್ಮ ಪರಿಣಾಮದ ಬಹುಭಾಗವನ್ನು ಉಳಿಸಿಕೊಳ್ಳುತ್ತಿವೆ.